ನನ್ನ 206ಕ್ಕೆ ಎಸಿ ಹಾಕಿದ್ದು

ಕಳೆದ ಜುಲೈಲಿ ಚಾರ್ಮಾಡಿ ಇಳೀತಿದ್ದೆ, ಮುಂದೆ ಒಬ್ಬ ಪಿಕಪ್‌ನವ್ನು ಆ ಮಳೇಲೂ ಕಿಟಕಿಯಿಂದ ತಲೆ ಹೊರಗೆ ಹಾಕ್ಕೊಂಡು ಓಡಿಸ್ತಿದ್ದ, ಒಂದು ಕೈಲಿ ಸ್ಟಿಯರಿಂಗು ಇನ್ನೊಂದು ಕೈಲಿ ಗಾಜು ಒರೆಸೋ ಬಟ್ಟೆ. ನಾನು ಎರಡೂ ಗ್ಲಾಸ್ ಪೂರ್ತಿ ಏರಿಸ್ಕೊಂಡು ಒಣಗಿದ ಅಂಗೀಲಿ ಕೂತಿದ್ದೆ. ನನ್ನ ಗಾಡಿ 1991ರ ಟಾಟಾಮೊಬೈಲ್ 206 ಪಿಕಪ್, ಅವನ್ದು ಮೂರು ವರ್ಷದ ಹೊಸಾದು. ಕೊಟ್ಟಿಗೆಹಾರದಲ್ಲಿ ನನ್ನನ್ನ ನೋಡಿ ನಕ್ಕೋರೆಲ್ಲ ಆವತ್ತು ಪಕ್ಕದಲ್ಲಿ ಕೂತಿದ್ರೆ ಚೆನ್ನಾಗಿತ್ತು ಅನ್ನಿಸ್ತು.

ಯಾಕಂದ್ರೆ ಎಲ್ರೂ ಹೇಳಿದ್ದು ಒಂದೇ, ಮಲೆನಾಡಲ್ಲಿ ಎಸಿ ಯಾಕೋ ಮಾರಾಯ, ಕಂಬಳಿ ಹೊದ್ದು ಮಲಗೋ ಊರು. ನಮ್ಮ ಭಾವ ಅಂತೂ "ಫ್ರಿಜ್ ಇಟ್ಕೊಂಡು ಓಡಾಡು, ಮೀನಾದ್ರೂ ತರ್ಬೋದು" ಅಂದ್ರು. ಗ್ಯಾರೇಜ್ ಭಾಯ್ ಇನ್ನೂ ಒಂದು ಸೇರಿಸಿದ್ರು, ಈ ಎಂಜಿನ್ನಿಗೆ ಇರೋದೇ ಅರವತ್ಮೂರು ಚಿಲ್ಲರೆ ಕುದುರೆ, ಅದ್ರಲ್ಲಿ ನಾಲ್ಕೈದು ಕಂಪ್ರೆಸರ್ ತಿಂದ್ರೆ ಘಾಟಿ ಹತ್ತೋದು ನೀನಾ ಗಾಡಿನಾ ಅಂತ.

ನಂಗೆ ಬೇಕಿದ್ದದ್ದು ತಂಪಲ್ಲ. ಹೊರಗಡೆ ಮಂಜಿಗೆ ಯಾರೂ ಏನೂ ಮಾಡಕ್ಕಾಗಲ್ಲ, ನಾನು ಹೇಳ್ತಿರೋದು ಗಾಜಿನ ಒಳಗಡೆ ಕೂರೋ ಆವಿ. ಮೂರು ಜನ ನೆನೆದು ಕ್ಯಾಬಿನ್ನಲ್ಲಿ ಕೂತ್ರೆ ಐದು ನಿಮಿಷಕ್ಕೆ ಗಾಜು ಹಾಲು. ಹೊಗೆಸೊಪ್ಪು ಉಜ್ಜಿ ನೋಡಿದೀನಿ, ಶಾಂಪು, ಶೇವಿಂಗ್ ಕ್ರೀಮು, ಆಲೂಗಡ್ಡೆ, ಎಲ್ಲಾ ಬಣಕಲ್ ದಾಟೋವರೆಗೆ ಅಷ್ಟೇ. ಫ್ಯಾನ್ ಹಾಕಿದ್ರೆ ಅದೇ ಒದ್ದೆ ಗಾಳಿ ತಿರುಗುತ್ತೆ. ಗಾಳಿಲಿರೋ ನೀರನ್ನ ಹಿಂಡಿ ತೆಗೀಬೇಕು, ಅದು ಕೂಲಿಂಗ್ ಕಾಯಿಲ್ ಒಂದೇ ಮಾಡೋದು, ಹಿಂಡಿದ ಮೇಲೆ ಸ್ವಲ್ಪ ಬಿಸಿ ಮಾಡಿ ಗಾಜಿಗೆ ಬಿಟ್ರೆ ಕೆಲ್ಸ ಮುಗೀತು. ಅಂದ್ರೆ ಎಸಿನೂ ಬೇಕು ಹೀಟರೂ ಬೇಕು, ಎರಡೂ ಒಟ್ಟಿಗೆ ಓಡ್ಬೇಕು. ಇದನ್ನ ಹೇಳಿದ್ರೆ ಭಾಯ್ ನನ್ನ ಮುಖ ನೋಡಿ ಚಾ ತರಿಸಿದ್ರು.

ಬೆಂಗ್ಳೂರಲ್ಲಿ ಒಬ್ರು ಪೂರ್ತಿ ಹಾಕ್ಕೊಡಕ್ಕೆ ಅರವತ್ತೈದು ಸಾವಿರ ಕೇಳಿದ್ರು, ಗಾಡಿ ಬೆಲೆನೇ ಹೆಚ್ಚುಕಡಿಮೆ ಅಷ್ಟು. ನಾನೇ ಮಾಡ್ತೀನಿ ಅಂತ ಇಳಿದೆ. ಮೊದಲ್ನೇ ತಪ್ಪು ಮಾರುತಿ ವ್ಯಾನಿಂದ ಬಿಚ್ಚಿದ ಕಂಪ್ರೆಸರ್ ಎರಡೂವರೆ ಸಾವಿರಕ್ಕೆ ತಂದಿದ್ದು. ಸಣ್ಣದು, ಎಂಜಿನ್ ಮೇಲೆ ಭಾರ ಬೀಳಲ್ಲ ಅಂತ ಲೆಕ್ಕ. ಬ್ರಾಕೆಟ್ಟಿಗೆ ಲೇತಲ್ಲಿ ಹನ್ನೆರಡು ನೂರು ಕೊಟ್ಟು ಆಂಗಲ್ ಕಬ್ಬಿಣದಲ್ಲಿ ಮಾಡಿಸ್ದೆ, ಆಲ್ದೂರಿಂದ ಮೂಡಿಗೆರೆಗೆ ಎರಡು ಸಲ ಹೋಗಿ ಬರೋಷ್ಟ್ರಲ್ಲಿ ವೆಲ್ಡಿಂಗ್ ಪಕ್ಕದಲ್ಲೇ ಬಿರುಕು. ಇದು ಡೀಸೆಲ್ ಎಂಜಿನ್, ಐಡಲಲ್ಲಿ ನಿಂತ್ರೆ ಕಡಲೆಕಾಯಿ ಹುರಿಯೋ ತರ ಅಲ್ಲಾಡುತ್ತೆ, ತೆಳು ಬ್ರಾಕೆಟ್ ನಿಲ್ಲಲ್ಲ. ಬೆಲ್ಟ್ ಬೇರೆ ಓರೆ ಆಗಿ ಹಂದಿ ಕಿರುಚಿದ ಹಾಗೆ ಕಿರುಚ್ತಿತ್ತು.

ಆಮೇಲೆ ತಲೆಗೆ ಹೊಳೀತು, ನನ್ನ ಗಾಡೀದು ಟಾಟಾ 483 ಎಂಜಿನ್, ಇದೇ ಟಾಟಾ ಸಿಯೆರಾದಲ್ಲೂ ಬಂತು, ಹಳೇ ಸುಮೋಲೂ ಬಂತು, ಅವಕ್ಕೆ ಕಂಪ್ನಿಯಿಂದಲೇ ಎಸಿ ಬರ್ತಿತ್ತಲ್ಲ! ಶಿವಾಜಿನಗರದ ಗುಜರೀಲಿ ಎರಡು ದಿನ ಸುತ್ತಿ ಸುಮೋದ ಬೀಡು ಕಬ್ಬಿಣದ ಬ್ರಾಕೆಟ್ಟು, ಬೆಲ್ಟ್ ಕೂರೋ ಗ್ರೂವ್ ಜಾಸ್ತಿ ಇರೋ ಕ್ರ್ಯಾಂಕ್ ಪುಲ್ಲಿ, ಟೆನ್ಷನರ್, ಕಂಪ್ರೆಸರ್ ಎಲ್ಲಾ ಸೇರಿ ಏಳು ಸಾವಿರದ ಹತ್ರಕ್ಕೆ ತಂದೆ. ಬ್ಲಾಕಲ್ಲಿ ಬೋಲ್ಟ್ ತೂತು ಮೊದಲೇ ಇತ್ತು, ಮೂವತ್ತು ವರ್ಷದ ಮಣ್ಣು ತುಂಬ್ಕೊಂಡಿತ್ತು ಅಷ್ಟೇ, ಟ್ಯಾಪ್ ಹೊಡೆದು ಕ್ಲೀನ್ ಮಾಡಿ ಕೂರಿಸಿದ್ರೆ ಅಮ್ಮನ ಮಡಿಲಲ್ಲಿ ಮಗು ಕೂತ ಹಾಗೆ ಕೂತ್ಕೊಳ್ತು. ಇದನ್ನ ಮೊದಲೇ ಯೋಚ್ನೆ ಮಾಡಿದ್ರೆ ನಾಲ್ಕು ಸಾವಿರ ಉಳೀತಿತ್ತು.

ಗ್ಯಾಸಿನ ಬಿಸಿ ಹೊರಗೆ ಬಿಡೋ ಕಂಡೆನ್ಸರ್ ವಿಷಯದಲ್ಲೂ ಜಿಪುಣತನ ಮಾಡಿ ಕೆಟ್ಟೆ. ಒಂದೇ ಪೈಪು ಹಾವಿನ ತರ ತಿರುಗೋ ಹಳೇ ಮಾದರಿದು ಎಂಟುನೂರಕ್ಕೆ ಸಿಕ್ತು, ಅದು ಆರ್ 12 ಅನ್ನೋ ಹಳೇ ಎಸಿ ಗ್ಯಾಸಿನ ಕಾಲದ್ದು. ಈಗ ಹಾಕೋದು 134ಎ ಗ್ಯಾಸು, ಅದಕ್ಕೆ ಈ ಕಂಡೆನ್ಸರ್ ಸಾಲಲ್ಲ, ಹೈ ಸೈಡ್ ಅಂದ್ರೆ ಕಂಡೆನ್ಸರ್ ಕಡೆ ಒತ್ತಡ ಮುನ್ನೂರು ಪಿಎಸ್‌ಐ ದಾಟಿ ಹೋಗ್ತಿತ್ತು, ಒಳಗೆ ಬರೋದು ಉಸಿರು ಬಿಟ್ಟಂಗೆ ಗಾಳಿ. ಕೊನೆಗೆ ಪಕ್ಕಪಕ್ಕ ಸಾಲಾಗಿ ಪೈಪಿರೋ ಪ್ಯಾರಲಲ್ ಫ್ಲೋ ಹೊಸದೇ ತಗೊಂಡೆ, ಮೂರು ಸಾವಿರದ ಇನ್ನೂರೋ ಮುನ್ನೂರೋ. ಹಾರ್ನ್ ಪಕ್ಕಕ್ಕೆ ಸರಿಸಿ, ಕಂಡೆನ್ಸರ್ ಮುಂದೆ ಹನ್ನೆರಡು ಇಂಚಿನ ಫ್ಯಾನು. ಫ್ಯಾನ್ ವೈರ್ ತಿರುಗಾ ಮುರುಗಾ ಕೊಟ್ಟು ಒಂದು ದಿನ ಪೂರ್ತಿ ಗಾಳಿ ಮುಂದಕ್ಕೆ ಊದ್ತಿತ್ತು, ಅದನ್ನ ಯಾರಿಗೂ ಹೇಳಿಲ್ಲ, ಇಲ್ಲೇ ಮೊದಲು.

ಈಗ ವ್ಯಾಕ್ಯೂಮ್ ಕಥೆ, ಅಂದ್ರೆ ಗ್ಯಾಸ್ ತುಂಬೋ ಮೊದಲು ಪೈಪೊಳಗಿನ ಗಾಳಿ ತೇವ ಎಲ್ಲಾ ಪಂಪಲ್ಲಿ ಎಳೆದು ತೆಗೆಯೋದು. ಗೇಜೂ ಪಂಪೂ ಬಾಡಿಗೆಗೆ ತಂದೆ, ದಿನಕ್ಕೆ ಐನೂರು. ಮಂಗ್ಳೂರಿನ ಎಸಿ ಮೆಕ್ಯಾನಿಕ್ ಫೋನಲ್ಲಿ "29 ಇಂಚು ಬರ್ಲೇಬೇಕು, ಇಲ್ಲಾಂದ್ರೆ ಲೀಕ್ ಉಂಟು" ಅಂದಿದ್ರು, ಇಂಚು ಅಂದ್ರೆ ಪಾದರಸದ ಇಂಚು, ಒತ್ತಡದ ಲೆಕ್ಕ. ನಂದು 26ರ ಮೇಲೆ ಅರ್ಧ ಗೆರೆ ಹತ್ತಿ ನಿಂತುಬಿಡ್ತು. ಮುಕ್ಕಾಲು ಗಂಟೆ ಓಡಿಸ್ದೆ, ಎರಡು ಗಂಟೆ ಓಡಿಸ್ದೆ. ಎಲ್ಲಾ ಜಾಯಿಂಟ್ ಬಿಚ್ಚಿ ಓ ರಿಂಗ್ ಬದಲಾಯಿಸ್ದೆ, ಪಂಪ್ ಸರಿ ಇಲ್ಲ ಅಂತ ಬೇರೆ ಪಂಪ್ ತಂದೆ, ತೇವ ಹೀರೋ ಡ್ರೈಯರ್ ಬಾಟ್ಲಿ ತುಂಬಾ ಹೊತ್ತು ತೆರೆದಿಟ್ಟಿದ್ದಕ್ಕೆ ಅದೂ ಹೊಸದು, ಮೂರು ದಿನ ಎರಡೂವರೆ ಸಾವಿರ ಹೋಯ್ತು. ಮಲಗಿದ್ದಾಗ ಹೊಳೆದಿದ್ದು, ಆ ಮಂಗ್ಳೂರಿನವ್ರು ಇರೋದು ಸಮುದ್ರದ ದಡದಲ್ಲಿ, ನಾನಿರೋದು ಹೆಚ್ಚುಕಡಿಮೆ ಸಾವಿರ ಮೀಟರ್ ಮೇಲೆ. ಗೇಜು ತೋರ್ಸೋದು ಹೊರಗಿನ ಗಾಳಿ ಒತ್ತಡಕ್ಕಿಂತ ಎಷ್ಟು ಕಮ್ಮಿ ಅಂತ, ನಮ್ಮಲ್ಲಿ ಹೊರಗಿನ ಒತ್ತಡನೇ ಮೂರು ಇಂಚಷ್ಟು ಕಮ್ಮಿ, 29 ಎಲ್ಲಿಂದ ಬರ್ಬೇಕು? ಇಪ್ಪತ್ತಾರೂವರೆ ಅಂದ್ರೆ ಇಲ್ಲಿ ಪೂರ್ತಿ ಬಂದಂಗೇ. ಪಂಪ್ ನಿಲ್ಲಿಸಿ ಒಂದು ಗಂಟೆ ಬಿಟ್ಟೆ, ಮುಳ್ಳು ಅಲ್ಲಾಡ್ಲಿಲ್ಲ. ಘಾಟಿ ಮೇಲೆ ಎಸಿ ಕೆಲ್ಸ ಮಾಡೋರು ಇದೊಂದು ಬರ್ಕೊಳಿ, ಮುಳ್ಳು ಎಲ್ಲಿಗೆ ಹತ್ತುತ್ತೆ ಅನ್ನೋದಲ್ಲ, ಹತ್ತಿದ ಕಡೆ ನಿಲ್ಲುತ್ತಾ ಅನ್ನೋದು ನೋಡಿ. ಆಮೇಲೆ ತುಂಬಿದ್ರೆ ಆರುನೂರೈವತ್ತು ಗ್ರಾಂ ಹತ್ರ ಗ್ಯಾಸ್ ಹಿಡೀತು.

ಘಾಟಿ ಹತ್ತೋ ಪ್ರಶ್ನೆಗೆ ಉತ್ತರ ಅರವತ್ತು ರೂಪಾಯಿದು. ಬ್ರೇಕ್ ಲೈಟ್ ಸ್ವಿಚ್ ಒಂದನ್ನ ಎಕ್ಸಿಲೇಟರ್ ಪೆಡಲ್ ಕೆಳಗೆ ಫಿಕ್ಸ್ ಮಾಡ್ದೆ, ಕಾಲು ಪೂರ್ತಿ ಒತ್ತಿದ್ರೆ ಪೆಡಲ್ ಅದನ್ನ ಒತ್ತುತ್ತೆ, ಕಂಪ್ರೆಸರಿಗೆ ಕರೆಂಟ್ ಕೊಡೋ ರಿಲೇ ಬಿಡುತ್ತೆ, ಕಂಪ್ರೆಸರ್ ಕಟ್. ತಿರುವು ಮುಗಿದು ಕಾಲು ಸಡಿಲ ಮಾಡಿದ್ರೆ ಮತ್ತೆ ಟಕ್ ಅಂತ ಸೇರ್ಕೊಳುತ್ತೆ. ಲೋಡಲ್ಲಿ ಚಾರ್ಮಾಡಿ ಊರಿಂದ ಕೊಟ್ಟಿಗೆಹಾರಕ್ಕೆ ಮೊದಲೂ ಎರಡ್ನೇ ಗೇರು ಈಗಲೂ ಎರಡ್ನೇ ಗೇರು, ಟೆಂಪರೇಚರ್ ಮುಳ್ಳು ಒಂದು ಬೆರಳು ಜಾಸ್ತಿ ನಿಲ್ಲುತ್ತೆ ಅಷ್ಟೇ. ಮೈಲೇಜು ಹನ್ನೆರಡಿತ್ತು, ಹನ್ನೊಂದು ಚಿಲ್ಲರೆಗೆ ಬಂದಿದೆ.

ಕರೆಂಟ್ ಮಾಡೋ ಆಲ್ಟರ್ನೇಟರ್ ಬದಲಾಯಿಸೋರು ಹುಷಾರು. ಹಳೇದು ಫ್ಯಾನು ಬ್ಲೋವರ್ರು ವೈಪರ್ರು ಹೆಡ್‌ಲೈಟು ಎಲ್ಲಾ ಎಳೀಲಾರದೆ ರಾತ್ರಿ ಲೈಟ್ ಮಂಕಾಗ್ತಿತ್ತು, ದೊಡ್ಡದು ತಂದೆ, ಅಂಗಡಿಯವ್ರು ಹಿಂದೆ ವ್ಯಾಕ್ಯೂಮ್ ಪಂಪ್ ಇಲ್ಲದ್ದನ್ನ ಕೊಟ್ಟುಬಿಟ್ಟಿದ್ರು. ಬ್ರೇಕ್ ಪೆಡಲ್ ಹಗುರ ಮಾಡೋ ಬೂಸ್ಟರಿಂದ ಗಾಳಿ ಎಳೆಯೋದೇ ಆ ಪಂಪ್. ಪುಣ್ಯಕ್ಕೆ ಮನೆ ಅಂಗಳದಲ್ಲೇ ಪೆಡಲ್ ಕಲ್ಲಾಗಿದ್ದು ಗೊತ್ತಾಯ್ತು.

ಹೀಟರಿಗೆ ಸುಮೋದ ಕಾಯಿಲನ್ನೇ ಬ್ಲೋವರ್ ಡಬ್ಬದೊಳಗೆ ಕೂಲಿಂಗ್ ಕಾಯಿಲ್ ಆದ್ಮೇಲೆ ಕೂರಿಸಿದೀನಿ, ಎಂಜಿನ್ನಿಂದ ಬರೋ ಬಿಸಿನೀರಿಗೆ ಒಂದು ನಲ್ಲಿ. ಆ ನಲ್ಲಿ ಎಷ್ಟು ತೆರೀಬೇಕು, ಐಸ್ ಕಟ್ಟದ ಹಾಗೆ ಕಂಪ್ರೆಸರ್ ನಿಲ್ಲಿಸೋ ಥರ್ಮೋಸ್ಟಾಟ್ ಯಾವ ಗಾಡಿದು, ಅದರ ಸೆನ್ಸರ್ ಕಡ್ಡಿನ ಕೂಲಿಂಗ್ ಕಾಯಿಲಲ್ಲಿ ಎಲ್ಲಿ ಚುಚ್ಚಿದೀನಿ ಅಂತ ಕೇಳ್ಬೇಡಿ, ಕಾಯಿಲ್ ಮೂರು ಸಲ ಐಸ್ ಕಟ್ಟಿ ಕಲಿತಿದ್ದು, ಅಷ್ಟಾದ್ರೂ ನನ್ನ ಹತ್ರ ಇರ್ಲಿ.

ಮಧ್ಯೆ ಬೇಡದ ಪ್ರಯೋಗಗಳೂ ಆದ್ವು. ಬಿಸಿಲಿಗೆ ಟಾಪ್ ಕಾಯುತ್ತೆ ಅಂತ ರೂಫ್ ಲೈನಿಂಗ್ ಒಳಗೆ ಕಾಫಿ ಗೋಣಿಚೀಲ ಎರಡು ಪದರ ತುರುಕ್ದೆ, ಸಕತ್ ತಂಪಾಯ್ತು, ಒಂದು ತಿಂಗಳಿಗೆ ಇಲಿ ಮರಿ ಹಾಕ್ತು. ಈಗ ಅಂಟಿಸೋ ಫೋಮು. ಆಮೇಲೆ ಡ್ರೈನ್ ಪೈಪಿಗೆ ಬಾಟ್ಲಿ ಕಟ್ಟಿ ಎಷ್ಟು ನೀರು ಬರುತ್ತೆ ನೋಡ್ದೆ, ಜೋರು ಮಳೇಲಿ ಮೂಡಿಗೆರೆಯಿಂದ ಉಜಿರೆಗೆ ಹೋಗೋಷ್ಟ್ರಲ್ಲಿ ಒಂದು ಲೀಟರ್ ಬಾಟ್ಲಿ ಹೆಚ್ಚುಕಡಿಮೆ ತುಂಬಿತ್ತು. ಅಷ್ಟು ನೀರು ಮೊದಲೆಲ್ಲ ಗಾಜಿನ ಮೇಲೂ ನನ್ನ ಬೆನ್ನಿನ ಮೇಲೂ ಇರ್ತಿತ್ತು. ಬಾಟ್ಲಿ ನೋಡಿದ ಮೇಲೆ ಭಾಯ್ ಮಾತು ಕಮ್ಮಿ ಮಾಡಿದ್ರು.

ಒಂದು ತೊಂದ್ರೆ ಇನ್ನೂ ಇದೆ. ಘಾಟಿ ಇಳಿದ ಮೇಲೆ ರಾತ್ರಿ ಸೆಕೆಗೆ ಹೀಟರಿನ ನಲ್ಲಿ ಮುಚ್ಚಿ ಬರೀ ತಣ್ಣನೆ ಗಾಳಿ ಗಾಜಿಗೆ ಬಿಟ್ರೆ ಈಗ ಗಾಜಿನ ಹೊರಗಡೆ ಆವಿ ಕೂರುತ್ತೆ, ಮಳೆ ಇಲ್ದೆ ವೈಪರ್ ಹಾಕ್ಕೊಂಡು ಹೋಗ್ಬೇಕು, ಬೆಳ್ತಂಗಡೀಲಿ ಜನ ನೋಡಿ ನಗ್ತಾರೆ. ಗಾಳಿನ ಎದೆ ಕಡೆಗೆ ತಿರುಗಿಸಿದ್ರೆ ಹೋಗುತ್ತೆ, ಆದ್ರೆ ನೆನಪಾಗ್ಬೇಕಲ್ಲ.

ಹಾಳು ಮಾಡಿದ್ದೂ ಸೇರಿ ಒಟ್ಟು ಮೂವತ್ತೆಂಟು ಸಾವಿರ ಆಗಿರ್ಬೇಕು, ಚೀಟಿ ಎಲ್ಲಾ ಇಟ್ಟಿಲ್ಲ, ಹೆಂಡ್ತಿಗೆ ಹೇಳಿದ್ದು ಇಪ್ಪತ್ತೆರಡು. ಈಗ ಭಾವಂಗೆ ಅವರ ಮಹೀಂದ್ರ ಜೀಪು ಎಂಎಂ 540ಗೂ ಎಸಿ ಬೇಕಂತೆ, ಮೀನಿನ ಮಾತು ಮರ್ತುಬಿಟ್ಟಿದಾರೆ. ಅದು ಪೂಜೋ ಎಂಜಿನ್, ಸುಮೋ ಬ್ರಾಕೆಟ್ ಆಗಲ್ಲ, ಮಹೀಂದ್ರ ಆರ್ಮಡಾದ್ದು ಬೇಕು. ಯಾರ ಹತ್ರಾದ್ರೂ ಬಿದ್ದಿದ್ರೆ ಹೇಳಿ, ತುಕ್ಕು ಹಿಡಿದಿದ್ರೂ ಪರ್ವಾಗಿಲ್ಲ, ಬಿರುಕು ಮಾತ್ರ ಬೇಡ.