ಸಣ್ಣ ಊರಿನ ಲ್ಯಾಬ್‌ನಲ್ಲಿ ನಿದ್ದೆ ಇಇಜಿ: ನಾನು ಅನುಸರಿಸುವ ಕ್ರಮ

ತಾಲ್ಲೂಕು ಮಟ್ಟದ ಆಸ್ಪತ್ರೆಯಲ್ಲಿ ನಿದ್ದೆಯ ಇಇಜಿ (ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಪರೀಕ್ಷೆ) ಆಗುವ ಮಾತಲ್ಲ, ಮೈಸೂರಿಗೋ ಬೆಂಗಳೂರಿಗೋ ಬರೆದು ಕಳಿಸಿಬಿಡಿ ಎಂದವರು ಒಬ್ಬಿಬ್ಬರಲ್ಲ. ಯಂತ್ರ ಮಾರಲು ಬಂದವರು ಹಾಗಂದರು, ವರದಿ ಓದುವ ನ್ಯೂರಾಲಜಿಸ್ಟೂ ಮೊದಮೊದಲು ಹಾಗೇ ಅಂದರು. ಈಗ ಅದೇ ನ್ಯೂರಾಲಜಿಸ್ಟ್, ಬೇರೆ ಕಡೆ ತೆಗೆದ 20 ನಿಮಿಷದ ಅಲೆಗಳ ಗೆರೆಚಿತ್ರದಲ್ಲಿ, ಅಂದರೆ ಟ್ರೇಸಿಂಗ್‌ನಲ್ಲಿ ಏನೂ ಸಿಗದ ರೋಗಿಗಳನ್ನು ನಮ್ಮಲ್ಲಿಗೆ ಕಳಿಸುತ್ತಾರೆ. ಎಚ್ಚರದ ರೆಕಾರ್ಡಿಂಗ್ ಮಾತ್ರ ಮಾಡುತ್ತಿದ್ದ ಕಾಲದಲ್ಲಿ, ಫಿಟ್ಸ್ ಇರುವುದು ಖಚಿತವಾದವರಲ್ಲೂ ಹತ್ತರಲ್ಲಿ ನಾಲ್ಕು ಮಂದಿಗೆ ಸ್ಪೈಕ್ (ಫಿಟ್ಸ್ ಸೂಚಿಸುವ ಚೂಪು ಅಲೆ) ಸಿಕ್ಕರೆ ಹೆಚ್ಚು. ಈಗ ಆರೇಳು ಮಂದಿಗೆ ಸಿಗುತ್ತದೆ. ನೆನಪಿನ ಮೇಲೆ ಹೇಳುವ ಲೆಕ್ಕ, ಆದರೆ ಸುಳ್ಳಲ್ಲ. ಯಂತ್ರ ಅದೇ, ಕೋಣೆಯೂ ಅದೇ. ರೋಗಿ ಬರುವ ಹೊತ್ತು, ತಲೆಗೆ ಲೀಡ್ (ಅಲೆ ಹಿಡಿಯುವ ತಂತಿ) ಕೂರಿಸುವ ರೀತಿ, ರೆಕಾರ್ಡಿಂಗಿನ ಉದ್ದ, ಈ ಮೂರನ್ನು ಬದಲಿಸಿದ್ದೇನೆ.

ಮೊದಲು, ಲ್ಯಾಬ್‌ನಲ್ಲಿ ನಿದ್ದೆ ಬರಲೆಂದು ಹಿಂದಿನ ರಾತ್ರಿ ನಿದ್ದೆಗೆಡಿಸುವುದು. "ರಾತ್ರಿಯೆಲ್ಲ ಎಚ್ಚರ ಇರಿ" ಎಂದರೆ ಯಾರೂ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ದೊಡ್ಡವರಿಗೆ ಹನ್ನೆರಡಕ್ಕೆ ಮಲಗಿ ನಾಲ್ಕಕ್ಕೆ ಎದ್ದರೆ ಸಾಕು. ಶಾಲೆಗೆ ಹೋಗುವ ಮಕ್ಕಳನ್ನು ಹತ್ತೂವರೆಗೆ ಮಲಗಿಸಿ ನಾಲ್ಕೂವರೆಗೆ ಎಬ್ಬಿಸಲು ಹೇಳುತ್ತೇನೆ. ಹಸುಗೂಸುಗಳಿಗೆ ಇದ್ಯಾವುದೂ ಬೇಡ. ಬರುವ ಮುಂಚೆ ಎರಡು ತಾಸು ಮಲಗಲು ಬಿಡದೆ, ಲೀಡ್ ಕೂರಿಸಿ ಮುಗಿಸಿದ ಮೇಲೆ ಹಾಲು ಕುಡಿಸಿದರೆ ತಾನಾಗಿ ನಿದ್ದೆ ಬರುತ್ತದೆ. ಬೆಳಿಗ್ಗೆ ಕಾಫಿ, ಟೀ ಬೇಡ, ತಿಂಡಿ ತಿಂದೇ ಬರಬೇಕು, ಮಾತ್ರೆ ತಪ್ಪಿಸಬಾರದು. "ಟೆಸ್ಟ್ ಇದೆ" ಅಂತ ಫಿಟ್ಸ್ ಮಾತ್ರೆ ಬಿಟ್ಟು ಬರುವವರು ಈಗಲೂ ಇದ್ದಾರೆ. ಹಾಗಾಗಿ ಚೀಟಿಯಲ್ಲಿ ಅದನ್ನೇ ದಪ್ಪಕ್ಷರದಲ್ಲಿ ಮೊದಲು ಬರೆಯಿಸಿದ್ದೇನೆ. ನಿದ್ದೆಗೆಟ್ಟವರು ಬೈಕ್ ಓಡಿಸಿಕೊಂಡು ಬರಬಾರದು ಎನ್ನುವುದು ಎರಡನೆಯ ಸಾಲು.

ಇಷ್ಟು ಹೇಳಿದರೂ ಕೆಡುವುದು ಬಸ್ಸಿನಲ್ಲಿ. ರಾತ್ರಿ ಕಷ್ಟಪಟ್ಟು ಎಚ್ಚರ ಇಟ್ಟ ಮಗು ಬಸ್ ಹತ್ತಿದ ಹತ್ತು ನಿಮಿಷಕ್ಕೆ ಅಮ್ಮನ ತೊಡೆ ಮೇಲೆ ಮಲಗಿ, ಮುಕ್ಕಾಲು ಗಂಟೆ ಗಟ್ಟಿ ನಿದ್ದೆ ಮಾಡಿ, ಲ್ಯಾಬ್‌ಗೆ ಬರುವಾಗ ಕಣ್ಣರಳಿಸಿಕೊಂಡು ಬರುತ್ತದೆ. ಆಮೇಲೆ ಎಷ್ಟು ತಟ್ಟಿದರೂ ಮಲಗುವುದಿಲ್ಲ. ಆದ್ದರಿಂದ ಊರು 20 ಕಿಲೋಮೀಟರಿಗಿಂತ ದೂರವಿದ್ದರೆ ಬೆಳಗಿನ ಹೊತ್ತು ಕೊಡುವುದೇ ಇಲ್ಲ. ಮಧ್ಯಾಹ್ನ ಊಟವಾದ ಮೇಲೆ ಒಂದೂವರೆಯ ಹೊತ್ತು ಕೊಡುತ್ತೇನೆ. ಬಸ್ಸಿನ ನಿದ್ದೆ ಅಷ್ಟರಲ್ಲಿ ಕರಗಿರುತ್ತದೆ, ಊಟದ ಜೊಂಪು ಹತ್ತಿರುತ್ತದೆ. ಇದೊಂದೇ ಬದಲಾವಣೆಯಿಂದ ನಿದ್ದೆ ಬಾರದೆ ಕೆಟ್ಟ ರೆಕಾರ್ಡಿಂಗ್‌ಗಳು ಅರ್ಧಕ್ಕರ್ಧ ಇಳಿದವು. ನಿದ್ದೆ ಬರಿಸುವ ಸಿರಪ್ ಕೊನೆಯ ದಾರಿ. ವೈದ್ಯರು ಬರೆದುಕೊಟ್ಟರೆ ಟ್ರೈಕ್ಲೋಫಾಸ್ ಅಥವಾ ಮೆಲಟೋನಿನ್, ಬೆರಳಿಗೆ ಆಕ್ಸಿಮೀಟರ್ ಹಾಕಿಯೇ. ಮಿಡಜೋಲಾಮ್ ಬೇಡ ಅಂತ ನಾನೇ ಕೇಳಿಕೊಳ್ಳುತ್ತೇನೆ. ಅದು ಬೀಟಾ ಎಂಬ ವೇಗದ ಅಲೆಗಳನ್ನು ಏರಿಸುತ್ತದೆ, ನಾವು ಹುಡುಕುವ ಸ್ಪೈಕನ್ನೇ ಅಡಗಿಸುತ್ತದೆ.

ತಲೆ. ಹಿಂದಿನ ದಿನ ಶಾಂಪೂ ಹಾಕಿ ತೊಳೆದು, ಎಣ್ಣೆ ಹಚ್ಚದೆ, ಪೂರ್ತಿ ಒಣಗಿಸಿ ಬರಬೇಕು ಎಂದು ಎಲ್ಲ ಲ್ಯಾಬ್‌ನವರೂ ಹೇಳುತ್ತಾರೆ. ನಮ್ಮ ಮೈಸೂರು, ಚಾಮರಾಜನಗರ ಸೀಮೆಯಲ್ಲಿ ಇದಕ್ಕೆ ಒಂದು ಮಾತು ಸೇರಿಸಲೇಬೇಕು: ನೀರು ಉಗುರುಬೆಚ್ಚಗಿರಲಿ, ಚೊಂಬಿನಿಂದ ಮೇಲಿಂದ ಮೇಲೆ ಸುರಿಯಬೇಡಿ, ಒಬ್ಬರು ಪಕ್ಕದಲ್ಲಿರಿ. ಬಿಸಿನೀರಿನ ಮೂರ್ಛೆ ಈ ಭಾಗದಲ್ಲಿ ಸಾಮಾನ್ಯ. ಬೆಂಗಳೂರಿನ ನ್ಯೂರಾಲಜಿಸ್ಟ್ ಡಾ. ಕೆ.ಎಸ್. ಮಣಿ ಮತ್ತು ಜೊತೆಗಾರರು 1968ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಸುಡುಸುಡು ನೀರನ್ನು ತಲೆಗೆ ಸುರಿದುಕೊಂಡಾಗಲೇ ಬರುವ ಫಿಟ್ಸ್ ಇದು. ಅಂಥ ರೋಗಿಗೆ ಏನೂ ಹೇಳದೆ "ತಲೆಸ್ನಾನ ಮಾಡಿ ಬನ್ನಿ" ಎಂದರೆ ಫಿಟ್ಸ್ ಬರಿಸಿಕೊಂಡು ಬನ್ನಿ ಎಂದಂತೆ. ಸ್ನಾನಕ್ಕೆ ಮುಂಚೆ ಮಾತ್ರ ತೆಗೆದುಕೊಳ್ಳುವ ಕ್ಲೋಬಜಾಮ್ ಎಂಬ ಫಿಟ್ಸ್ ಮಾತ್ರೆ ಇದ್ದರೆ, ಎಷ್ಟು ಹೊತ್ತಿಗೆ ನುಂಗಿದರು ಅಂತ ರಿಕ್ವೆಸ್ಟ್ ಚೀಟಿಯ ಮೇಲೆಯೇ ಬರೆದಿಡಿ. ಟ್ರೇಸಿಂಗ್ ತುಂಬ ಬೀಟಾ ಕಂಡಾಗ ಓದುವವರಿಗೆ ಕಾರಣ ಬೇಕು.

ಹಣೆಯನ್ನು ಬಹಳ ಮಂದಿ ಮರೆಯುತ್ತಾರೆ. ಎಫ್‌ಪಿ1, ಎಫ್‌ಪಿ2 ಎಂಬ ಲೀಡ್‌ಗಳು ಕೂರುವುದು ವಿಭೂತಿ ಬಳಿಯುವ ಪಟ್ಟಿಯ ಮೇಲೆಯೇ. ಇಂಪೀಡೆನ್ಸ್ (ಲೀಡಿಗೂ ಚರ್ಮಕ್ಕೂ ನಡುವಿನ ವಿದ್ಯುತ್ ತಡೆ) ಎಲ್ಲೆಲ್ಲೂ 3 ಕಿಲೋಓಮ್ ತೋರಿಸಿ ಹಣೆಯ ಎರಡೇ ಲೀಡ್ 20, 25 ತೋರಿಸುತ್ತಿದ್ದರೆ ವಿಭೂತಿಯನ್ನು ನೀರಿನಲ್ಲಿ ಒರೆಸಿ, ಆಮೇಲೆ ಸ್ಪಿರಿಟ್‌ನಲ್ಲಿ ಒರೆಸಿ, ಒಣಗಿದ ಮೇಲೆ ಸ್ಕ್ರಬ್ ಜೆಲ್ ಉಜ್ಜಿ. ಸ್ಪಿರಿಟ್ ಒಂದರಿಂದಲೇ ಹೋಗುವುದಿಲ್ಲ.

ಟೇಪ್ ಹಿಡಿಯದೆ ಕಣ್ಣಂದಾಜಿನಲ್ಲಿ ಲೀಡ್ ಇಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹುಬ್ಬುಗಳ ನಡುವಿನ ಮೂಗಿನ ಬುಡದಿಂದ ಹಿಂದಲೆಯ ಉಬ್ಬಿನವರೆಗೆ 36 ಸೆಂಟಿಮೀಟರ್ ಇದ್ದರೆ ಮೊದಲ ಗುರುತು 3.6ಕ್ಕೆ, ಮುಂದಲೆಯ ಎಫ್‌ಜೆಡ್ 10.8ಕ್ಕೆ, ನಡುನೆತ್ತಿಯ ಸಿಜೆಡ್ 18ಕ್ಕೆ. ಒಂದು ಕಡೆ ಕಿವಿಯ ಮೇಲಿನ ಟಿ3 ಒಂದು ಸೆಂಟಿಮೀಟರ್ ನೆತ್ತಿ ಪಕ್ಕದ ಸಿ3 ಕಡೆಗೆ ಸರಿದರೂ ಅವೆರಡರ ನಡುವಿನ ಗೆರೆಯ, ಅಂದರೆ ಆ ಚಾನೆಲ್‌ನ ಅಲೆ ಕುಗ್ಗುತ್ತದೆ, ಓದುವವರು ಆ ಬದಿಯಲ್ಲಿ ಏನೋ ದೋಷವಿದೆ ಎಂದು ತಿಳಿದು ಎಂಆರ್‌ಐ ಬರೆಯುತ್ತಾರೆ. ಬಡವರ ಐದಾರು ಸಾವಿರ ಹೋಯಿತು. ಟೆಂಪೊರಲ್ (ಕಿವಿಯ ಬಳಿಯ ಮೆದುಳಿನ ಭಾಗ) ಮೂಲದ ಫಿಟ್ಸ್ ಅನುಮಾನವಿದ್ದರೆ ಟಿ1, ಟಿ2 ಸೇರಿಸಿ. ಕಿವಿಯ ರಂಧ್ರದಿಂದ ಕಣ್ಣಿನ ಹೊರತುದಿಗೆ ಗೆರೆ ಎಳೆದುಕೊಂಡು, ಕಿವಿಯ ಕಡೆಯಿಂದ ಮೂರನೆಯ ಒಂದು ಭಾಗ ಬಂದು, ಒಂದು ಸೆಂಟಿಮೀಟರ್ ಮೇಲೆ. ಎರಡೇ ಲೀಡಿನ ಖರ್ಚು, ಆದರೆ ಟಿ3ಯಲ್ಲಿ ಅಳುಕುತ್ತಾ ಕಂಡ ಶಾರ್ಪ್ ವೇವ್ ಇಲ್ಲಿ ನಿಚ್ಚಳವಾಗಿ ಕಾಣುತ್ತದೆ.

ಇಂಪೀಡೆನ್ಸ್ 5 ಕಿಲೋಓಮ್ ಒಳಗೆ ಎನ್ನುವುದು ಎಲ್ಲರಿಗೂ ಗೊತ್ತು. ಅದಕ್ಕಿಂತ ಮುಖ್ಯ, ಎಲ್ಲ ಲೀಡೂ ಹತ್ತಿರ ಹತ್ತಿರ ಇರಬೇಕು. ಒಂದು 1, ಪಕ್ಕದ್ದು 9 ಇದ್ದರೆ 50 ಹರ್ಟ್ಸ್ ಕರೆಂಟಿನ ಗುಂಯ್‌ಗುಟ್ಟುವಿಕೆ ಒಳಗೆ ಬರುತ್ತದೆ. ಎಲ್ಲವೂ 4 ಇದ್ದರೆ ಬರುವುದಿಲ್ಲ, ಏಕೆಂದರೆ ಎರಡೂ ಕಡೆ ಒಂದೇ ಅಳತೆಯಲ್ಲಿ ಬಂದ ಗದ್ದಲವನ್ನು ಆಂಪ್ಲಿಫೈಯರ್ ತಾನೇ ಕಳೆದುಬಿಡುತ್ತದೆ. ಗದ್ದಲ ಕಂಡ ತಕ್ಷಣ 50 ಹರ್ಟ್ಸ್ ಸೋಸುವ ನಾಚ್ ಫಿಲ್ಟರ್ ಒತ್ತಿದರೆ ಕೆಟ್ಟ ಲೀಡ್ ಮರೆಯಾಗುತ್ತದೆ ಅಷ್ಟೆ, ಸರಿಯಾಗುವುದಿಲ್ಲ. ಇನ್ನೊಂದು, ಇಂಪೀಡೆನ್ಸ್ 100 ಓಮ್‌ಗಿಂತ ಕೆಳಗೆ ಬಂದರೆ ಖುಷಿಪಡಬೇಡಿ. ಲೀಡ್ ಅಂಟಿಸುವ ಪೇಸ್ಟ್ ಹರಡಿ ಎರಡು ಲೀಡ್ ಒಂದಾಗಿವೆ ಎಂದರ್ಥ, ಆ ಚಾನೆಲ್ ಗೆರೆ ಎಳೆದಂತೆ ಚಪ್ಪಟೆ ಬರುತ್ತದೆ. ಚಿಕ್ಕ ತಲೆಗಳಲ್ಲಿ ಇದು ಹೆಚ್ಚು.

ಅರ್ಥಿಂಗ್‌ಗೆ ಖರ್ಚು ಮಾಡಿಸಲು ಆಡಳಿತದವರ ಹತ್ತಿರ ಬಹಳ ಗುದ್ದಾಡಬೇಕಾಯಿತು. ಮೂರು ಲಕ್ಷದ ಆಸುಪಾಸಿನ ಯಂತ್ರಕ್ಕೆ ಹನ್ನೆರಡು ಸಾವಿರದ ಗುಂಡಿ ಬೇಡ ಎನ್ನುವ ವಾದ ನನಗೆ ಇಂದಿಗೂ ಅರ್ಥವಾಗಿಲ್ಲ. ತಾಮ್ರದ ಪ್ಲೇಟ್, ಇದ್ದಿಲು, ಉಪ್ಪು ಹಾಕಿ ಲ್ಯಾಬ್‌ಗೇ ಬೇರೆ ಗುಂಡಿ ಮಾಡಿಸಿ, ಬೇಸಿಗೆಯಲ್ಲಿ ವಾರಕ್ಕೊಮ್ಮೆ ನೀರು ಹಾಕಿಸಿದ ಮೇಲೆ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಹತ್ತು-ಹನ್ನೆರಡು ವೋಲ್ಟ್ ತೋರಿಸುತ್ತಿದ್ದ ಮೀಟರ್ ಒಂದೂವರೆಗೆ ಇಳಿಯಿತು. ಹಿಂದಿನ ಕಟ್ಟಡದ ಬೋರ್‌ವೆಲ್ ಮೋಟರ್ ಆನ್ ಆದಾಗ ಟ್ರೇಸಿಂಗ್ ಕುಣಿಯುವುದೂ ನಿಂತಿತು. ಆದರೆ ರೋಗಿಯ ಗ್ರೌಂಡ್ ಲೀಡ್, ಎಲ್ಲ ಲೀಡ್ ಸಿಕ್ಕಿಸುವ ಪೆಟ್ಟಿಗೆಯಾದ ಜ್ಯಾಕ್‌ಬಾಕ್ಸ್‌ಗೆ ಮಾತ್ರ. ಅದನ್ನು ಗೋಡೆಯ ಅರ್ಥ್‌ಗೆ ಸಿಕ್ಕಿಸುವುದು ಪ್ರಾಣಕ್ಕೆ ಅಪಾಯ.

ಪೇಸ್ಟ್ ವಿಷಯದಲ್ಲಿ ಒಂದಿಷ್ಟು ಪ್ರಯೋಗ ನಡೆದಿದೆ. ಹೊರದೇಶದ ಪೇಸ್ಟ್‌ನಲ್ಲಿ ಒಬ್ಬ ರೋಗಿಗೆ ಇನ್ನೂರು ರೂಪಾಯಿ ಹತ್ತಿರ ಬೀಳುತ್ತದೆ, ದೇಶಿಯದರಲ್ಲಿ ಮೂವತ್ತು-ನಲವತ್ತು. ದೇಶಿಯದರ ಕಷ್ಟವೆಂದರೆ ಮಾರ್ಚ್, ಏಪ್ರಿಲ್‌ನ ಸೆಕೆಯಲ್ಲಿ ಅರ್ಧ ಗಂಟೆಗೆ ಒಣಗುತ್ತದೆ, ಅಂದರೆ ರೋಗಿ ನಿದ್ದೆಗೆ ಜಾರುವ ಹೊತ್ತಿಗೆ ಸರಿಯಾಗಿ. ಬೆಂಟೊನೈಟ್ ಮಣ್ಣು, ಉಪ್ಪು ನೀರು, ಗ್ಲಿಸರಿನ್ ಕಲಸಿ ಮಾಡಿದ ಪೇಸ್ಟ್ ಚೆನ್ನಾಗಿ ಹಿಡಿಯಿತು, ಕೂದಲಿನಿಂದ ಬಿಡಿಸುವುದು ಹಿಂಸೆಯಾಯಿತು. ಉಪ್ಪು ಹೆಚ್ಚಾದಾಗ ಲೀಡಿನ ತುದಿಯ ಬೆಳ್ಳಿ ಕಪ್‌ಗಳು ಕಪ್ಪಿಟ್ಟವು. ಅದನ್ನು ಬಿಟ್ಟು ದೇಶಿ ಪೇಸ್ಟ್‌ಗೇ ಒಂದು ಸಾಮಾನ್ಯ ವಸ್ತುವನ್ನು ಚಿಟಿಕೆಯಷ್ಟು ಸೇರಿಸುತ್ತೇನೆ. ಒಂದೂವರೆ ತಾಸು ತೇವ ಉಳಿಯುತ್ತದೆ. ಅದೇನು ಎನ್ನುವುದು ನನ್ನ ಹತ್ತಿರವೇ ಇರಲಿ. ಯಾವ ಪೇಸ್ಟ್ ಆದರೂ ಕಪ್ ಮೇಲೆ ಎರಡು ಸೆಂಟಿಮೀಟರಿನ ಗಾಜ್ ಬಟ್ಟೆಯ ತುಂಡು ಒತ್ತಿ ಕೂರಿಸಿದರೆ ಒಣಗುವುದು ತಡವಾಗುತ್ತದೆ. ಚಿನ್ನದ ಕಪ್, ಬೆಳ್ಳಿ ಕಪ್ ಬೆರೆಸಿ ಹಾಕಬೇಡಿ. ಎರಡು ಲೋಹಗಳ ನಡುವೆ ಹುಟ್ಟುವ ವೋಲ್ಟೇಜ್‌ನಿಂದ ಗೆರೆ ಮೇಲೆ ಕೆಳಗೆ ತೇಲುತ್ತಿರುತ್ತದೆ, ಬೆವರೆಂದು ತಿಳಿದು ಫ್ಯಾನ್ ಹಾಕುತ್ತಾ ಕೂರುತ್ತೀರಿ.

ಇನ್ನು ರೆಕಾರ್ಡಿಂಗ್. ಮಿಲಿಮೀಟರಿಗೆ 7 ಮೈಕ್ರೋವೋಲ್ಟ್, 1ರಿಂದ 70 ಹರ್ಟ್ಸ್, ನಾಚ್ ಆಫ್. ಮೊದಲ ಹತ್ತು ನಿಮಿಷ ಎಚ್ಚರ, ಕಣ್ಣು ಮುಚ್ಚಿ ತೆರೆಸುವುದು. ಆಮೇಲೆ ಜೋರು ಉಸಿರಾಟ ಮೂರು ನಿಮಿಷ. ಮಗು ಗಳಿಗೆಗಳಿಗೆಗೂ ಶೂನ್ಯ ನೋಡುತ್ತದೆ ಎನ್ನುವ ದೂರು ಇದ್ದರೆ ಐದು ನಿಮಿಷ. ಇತ್ತೀಚೆಗೆ ಸ್ಟ್ರೋಕ್ ಆದವರಿಗೆ, ಹೃದಯ, ಶ್ವಾಸಕೋಶದ ಗಂಭೀರ ಕಾಯಿಲೆಯವರಿಗೆ ಇದು ಕೂಡದು. ಮಕ್ಕಳಿಗೆ ಮೂಗಿನ ಮುಂದೆ ಕಾಗದದ ಗಿರಿಗಿಟ್ಲೆ ಹಿಡಿದರೆ ಊದುತ್ತಲೇ ಇರುತ್ತವೆ. ಊದುವಾಗ ನಿಂತುಬಿಟ್ಟು, ತೆರೆಯಲ್ಲಿ ಸೆಕೆಂಡಿಗೆ ಮೂರರಂತೆ ಸ್ಪೈಕ್-ವೇವ್ ಓಡತೊಡಗಿದರೆ ತಕ್ಷಣ ಒಂದು ಶಬ್ದ ಹೇಳಿ, "ಹಲಸಿನಹಣ್ಣು" ಅಂತಲೋ ಏನೋ. ಅದು ನಿಂತ ಮೇಲೆ "ನಾನೇನಂದೆ ಪುಟ್ಟಾ?" ಎಂದು ಕೇಳಿ, ಉತ್ತರವನ್ನು ಟ್ರೇಸಿಂಗ್ ಮೇಲೆಯೇ ಟೈಪ್ ಮಾಡಿ. ಪ್ರಜ್ಞೆ ತಪ್ಪಿತ್ತೋ ಇಲ್ಲವೋ ಎನ್ನುವುದು ಅದರಿಂದ ತೀರ್ಮಾನವಾಗುತ್ತದೆ.

ನಂತರ ದೀಪ ಆರಿಸಿ, ಮಾತು ನಿಲ್ಲಿಸಿ, ಕನಿಷ್ಠ ಅರ್ಧ ಗಂಟೆ ನಿದ್ದೆ. ಮಕ್ಕಳಲ್ಲಿ ಸಿ3-ಟಿ3 ಸುತ್ತಲಿನ ಸ್ಪೈಕ್‌ಗಳು ಎಚ್ಚರದಲ್ಲಿ ಒಂದೆರಡು ಕಂಡರೆ, ನಿದ್ದೆಯಲ್ಲಿ ಪುಟಪುಟಕ್ಕೂ ಬರುತ್ತವೆ. ಬಹಳ ಲ್ಯಾಬ್‌ಗಳು ಇಲ್ಲಿಗೆ ಮುಗಿಸುತ್ತವೆ. ನನ್ನ ಪದ್ಧತಿಯ ಜೀವ ಇರುವುದೇ ಇದರ ನಂತರದ ಕಾಲು ಗಂಟೆಯಲ್ಲಿ. ಬೆಳಿಗ್ಗೆ ಎದ್ದ ಕೂಡಲೇ ಕೈ ಜಗ್ಗಿ ಲೋಟ ಎಸೆಯುವ ಹದಿಹರೆಯದವರನ್ನು ತಟ್ಟಿ ಎಬ್ಬಿಸಿ, ಎದ್ದ ಮೇಲಿನ ಹತ್ತು-ಹದಿನೈದು ನಿಮಿಷ ರೆಕಾರ್ಡ್ ಮಾಡಿ, ಮಿಣುಕುವ ಫೋಟಿಕ್ ದೀಪವನ್ನು ಆಗ ಹಾಕಿ. ಕಣ್ಣಿನಿಂದ 30 ಸೆಂಟಿಮೀಟರ್ ದೂರ, ಸೆಕೆಂಡಿಗೆ 1 ಮಿಣುಕಿನಿಂದ ಮೇಲಕ್ಕೆ. ಎರಡೂ ಕೈ ಮುಂದೆ ಚಾಚಿರಲಿ. ನಿದ್ದೆಯಲ್ಲಿ ಸುಮ್ಮನಿದ್ದ ಟ್ರೇಸಿಂಗ್‌ನಲ್ಲಿ ಪಾಲಿಸ್ಪೈಕ್ (ಒಟ್ಟೊಟ್ಟಿಗೆ ಹಲವು ಸ್ಪೈಕ್) ಬಂದು, ಅದೇ ಕ್ಷಣಕ್ಕೆ ಬೆರಳು ಜಗ್ಗುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಜಗ್ಗುವಿಕೆ ಹೆಚ್ಚುತ್ತಾ ಹೋದರೆ ದೀಪ ತಕ್ಷಣ ನಿಲ್ಲಿಸಬೇಕು, ದೊಡ್ಡ ಫಿಟ್ಸ್‌ವರೆಗೆ ಹೋಗಲು ಬಿಡಬಾರದು.

ನಮ್ಮ ಯಂತ್ರದಲ್ಲಿ ವಿಡಿಯೋ ಇಲ್ಲ. ಮೊಬೈಲನ್ನು ಟ್ರೈಪಾಡ್‌ಗೆ ಹಾಕಿ ರೋಗಿಯ ಮುಖ, ಎರಡೂ ಕೈ ಕಾಣುವಂತೆ ಇಡುತ್ತೇನೆ, ಹೊದಿಕೆ ಸೊಂಟದವರೆಗೆ ಮಾತ್ರ. ಮೊಬೈಲಿನ ಗಡಿಯಾರಕ್ಕೂ ಕಂಪ್ಯೂಟರಿನದಕ್ಕೂ ಯಾವಾಗಲೂ ಕೆಲವು ಸೆಕೆಂಡ್ ಹೆಚ್ಚುಕಡಿಮೆ. ಅದಕ್ಕೆ ಶುರುವಿನಲ್ಲೂ ಕೊನೆಯಲ್ಲೂ ಕ್ಯಾಮೆರಾಕ್ಕೆ ಕಾಣುವಂತೆ ಸಿಜೆಡ್ ಲೀಡಿನ ಮೇಲೆ ಬೆರಳಿನಿಂದ ಮೂರು ಸಲ ಟಕ್ ಟಕ್ ಟಕ್ ತಟ್ಟಿ. ಟ್ರೇಸಿಂಗ್‌ನಲ್ಲಿ ಆ ಚಾನೆಲ್‌ಗಳಲ್ಲಿ ಮೂರು ಚೂಪು ಗೆರೆ ಬೀಳುತ್ತವೆ, ಅದನ್ನು ಹಿಡಿದು ಎರಡನ್ನೂ ಕೂಡಿಸಬಹುದು. ಖರ್ಚು ಎಂಟುನೂರು ರೂಪಾಯಿಯ ಟ್ರೈಪಾಡ್. ಮೈಮೇಲೆ ಬರುತ್ತದೆ ಎಂದು ಕರೆತಂದ ಹೆಣ್ಣುಮಗಳು ಕಣ್ಣು ಬಿಗಿಯಾಗಿ ಮುಚ್ಚಿ ಕೈಕಾಲು ಒದರುತ್ತಿರುವಾಗ, ಸ್ನಾಯುವಿನ ಗದ್ದಲದ ನಡುನಡುವೆ ಹಿಂದಲೆಯ ಆಲ್ಫಾ (ಎಚ್ಚರದ ಸಹಜ ಅಲೆ) ಶುದ್ಧವಾಗಿ ಕಂಡರೆ, ನಿಂತ ಮರುಕ್ಷಣವೇ ಮತ್ತೆ ಆಲ್ಫಾ ಬಂದರೆ, ಓದುವವರಿಗೆ ಅದು ಫಿಟ್ಸ್ ಅಲ್ಲದಿರಬಹುದೆಂಬ ಚಿನ್ನದಂಥ ಮಾಹಿತಿ. ಆದರೆ ಮುಂಭಾಗದ ಮೆದುಳಿನ ಕೆಲವು ಫಿಟ್ಸ್ ತಲೆಯ ಮೇಲಿನ ಲೀಡಿಗೆ ಸಿಗುವುದೇ ಇಲ್ಲ. ಆದ್ದರಿಂದ ತಂತ್ರಜ್ಞರು ಬಾಯಿಬಿಟ್ಟು "ಇದು ನಾಟಕ" ಎನ್ನಬಾರದು, ಎಂದೂ.

ಬಿಸಿನೀರಿನ ಮೂರ್ಛೆಯವರಿಗೆ ಬಿಸಿ ಒದ್ದೆ ಟವಲ್ ಸುತ್ತಿ ರೆಕಾರ್ಡ್ ಮಾಡುವ ಯೋಚನೆ ಬಂದು, ಸಹೋದ್ಯೋಗಿಯ ತಲೆಯ ಮೇಲೆ ಬರೀ ಲೀಡ್ ತಾಳುತ್ತದೆಯೇ ಎಂದು ನೋಡಿದ್ದುಂಟು. ಪೇಸ್ಟ್ ಕರಗಿ ಎಲ್ಲ ಚಾನೆಲ್ ತೇಲಿದವು. ರೋಗಿಯ ಮೇಲೆ ಅದನ್ನು ಮಾಡಲಿಲ್ಲ. ಸದಾ ವೈದ್ಯರು ಪಕ್ಕದಲ್ಲಿಲ್ಲದ ಜಾಗದಲ್ಲಿ ಮಾಡಲೂಬಾರದು. ಇವರಲ್ಲಿ ಹೆಚ್ಚಿನವರ ಟ್ರೇಸಿಂಗ್ ನಾರ್ಮಲ್ಲೇ ಇರುತ್ತದೆ. ನೀರು ಎಷ್ಟು ಬಿಸಿ, ಎಷ್ಟನೇ ಚೊಂಬಿಗೆ ಮಂಕು ಕವಿಯಿತು, ನೀರು ಸುರಿಯುವುದನ್ನು ನಿಲ್ಲಿಸಲು ಮನಸ್ಸಾಗಲಿಲ್ಲವೇ ಎಂದು ಮನೆಯವರನ್ನು ಕೇಳಿ ಬರೆದಿಡುವುದು ಹೆಚ್ಚು ಪ್ರಯೋಜನ.

ಸ್ಪೈಕ್ ಹೆಚ್ಚು ಸಿಗುತ್ತದೆ ಅಂದಮೇಲೆ ಸ್ಪೈಕ್ ಅಲ್ಲದ್ದೂ ಹೆಚ್ಚು ಸಿಗುತ್ತದೆ. ಜೊಂಪಿನಲ್ಲಿ ಬರುವ ಸಣ್ಣ ಚೂಪು ಅಲೆಗಳು, ಟೆಂಪೊರಲ್ ಭಾಗದ ವಿಕೆಟ್ ಅಲೆಗಳು, ಮಕ್ಕಳ ನಿದ್ದೆಯ ವರ್ಟೆಕ್ಸ್ ಅಲೆಗಳು ಇವೆಲ್ಲ ಸಹಜ. ಇವನ್ನು ಫಿಟ್ಸ್ ಎಂದು ಬರೆದರೆ ವರ್ಷಗಟ್ಟಲೆ ಮಾತ್ರೆ, ಡ್ರೈವಿಂಗ್ ಲೈಸೆನ್ಸ್ ತೊಡಕು, ಹೆಣ್ಣುಮಕ್ಕಳಿಗೆ ಮದುವೆಯ ತೊಡಕು. ಹಿಂದೂ ವಿವಾಹ ಕಾಯ್ದೆಯಿಂದ ಅಪಸ್ಮಾರದ ಮಾತನ್ನು 1999ರಲ್ಲೇ ತೆಗೆದಿದ್ದಾರೆ, ಊರುಗಳಲ್ಲಿ ಮಾತ್ರ ಹೋಗಿಲ್ಲ. ನಾನು ತೆರೆಯ ಮೇಲೆ ಗುರುತು ಹಾಕುವಾಗ "ಸ್ಪೈಕ್?" ಎಂದು ಪ್ರಶ್ನೆಚಿಹ್ನೆ ಸಮೇತ ಹಾಕುತ್ತೇನೆ, ಜೊಂಪೋ ನಿದ್ದೆಯೋ ಪಕ್ಕದಲ್ಲೇ ಬರೆಯುತ್ತೇನೆ.

ಹಣದ ಮಾತು. ದಿನಕ್ಕೆ ಎಂಟು ಇಇಜಿ ಆಗುತ್ತಿದ್ದ ಯಂತ್ರದಲ್ಲಿ ಈಗ ನಾಲ್ಕೇ. ಸಾವಿರದಿನ್ನೂರು ಇದ್ದ ದರ ಎರಡು ಸಾವಿರದ ಹತ್ತಿರ ಹೋಗಿದೆ. ದಿನದ ಲೆಕ್ಕದಲ್ಲಿ ಆಸ್ಪತ್ರೆಗೆ ಸುಮಾರು ಸಾವಿರದಾರುನೂರು ಕಡಿಮೆ. ರೋಗಿಯ ಲೆಕ್ಕ ಬೇರೆ: ಮತ್ತೆ ಮಾಡಿಸುವ ಇಇಜಿ, ಬೆಂಗಳೂರಿನ ಓಡಾಟ, ಎರಡು ದಿನದ ಕೂಲಿ ಉಳಿಯುತ್ತದೆ. ಸುತ್ತಲಿನ ವೈದ್ಯರು ಇಲ್ಲಿಗೇ ಕಳಿಸತೊಡಗಿದ ಮೇಲೆ ಬುಕಿಂಗ್ ಹತ್ತು ದಿನ ಮುಂದಕ್ಕಿರುತ್ತದೆ, ಆಡಳಿತದವರೂ ಈಗ ತಕರಾರು ಎತ್ತುವುದಿಲ್ಲ. ಫಿಟ್ಸ್ ಬಂದು ಒಂದು ದಿನದೊಳಗೆ ಬಂದವರಿಗೆ ಮಾತ್ರ ಸಾಲು ಇಲ್ಲ. ಆ 24 ಗಂಟೆಯೊಳಗೆ ಸಿಗುವಷ್ಟು ಆಮೇಲೆ ಸಿಗುವುದಿಲ್ಲ.

ಓದುವವರಿಗೆ ಪಿಡಿಎಫ್ ಕಳಿಸಬೇಡಿ, ಮೂಲ ರೆಕಾರ್ಡಿಂಗಿನ ಇಡಿಎಫ್ ಕಡತವನ್ನೇ ಕಳಿಸಿ. ಅವರು ಮಾಂಟೇಜ್ (ಲೀಡ್‌ಗಳ ಜೋಡಣೆ) ಬದಲಿಸಿ ನೋಡಬೇಕು. 32 ಚಾನೆಲ್, ಸೆಕೆಂಡಿಗೆ 256 ಸ್ಯಾಂಪಲ್‌ನಲ್ಲಿ ಒಂದು ತಾಸಿನದು ಸುಮಾರು 60 ಎಂಬಿ ಬರುತ್ತದೆ, ಮೊಬೈಲ್ ಡೇಟಾದಲ್ಲೇ ಹೋಗುತ್ತದೆ. ವಿಡಿಯೋ ಪೂರ್ತಿ ಬೇಡ. ಮೂರು ತಟ್ಟಿನ ತುಣುಕು ಮತ್ತು ಘಟನೆಯ ತುಣುಕನ್ನು, ರೋಗಿಯ ಹೆಸರಿನ ಬದಲು ನೋಂದಣಿ ಸಂಖ್ಯೆ ಹಾಕಿ ಕಳಿಸಿ.