ಬಾನೆಟ್ಟಿನಡಿ ಹುಡುಕಿದ್ದು, ಪೆಡಲಿನ ಬುಡದಲ್ಲಿ ಸಿಕ್ಕಿದ್ದು

ನನ್ನ ಕಾರಿಗೆ ಮೂವತ್ತು ದಾಟಿದೆ. ಅದರ ಕ್ರೂಸ್ ಕಂಟ್ರೋಲ್, ಅಂದರೆ ಕಾಲು ಒತ್ತದಿದ್ದರೂ ಕಾರನ್ನು ಒಂದೇ ವೇಗದಲ್ಲಿ ಓಡಿಸುವ ವ್ಯವಸ್ಥೆ, ಇಂಜಿನ್ನಿನ ವ್ಯಾಕ್ಯೂಮಿನಿಂದ ನಡೆಯುವಂಥದ್ದು. ಇಂಜಿನ್ ಗಾಳಿ ಎಳೆದುಕೊಳ್ಳುವ ಬಲವೇ ಒಂದು ಡಬ್ಬಿಯೊಳಗಿನ ರಬ್ಬರ್ ಪೊರೆಯನ್ನು ಸೆಳೆಯುತ್ತದೆ, ಪೊರೆ ಕೇಬಲನ್ನು ಎಳೆಯುತ್ತದೆ, ಕೇಬಲ್ ಥ್ರಾಟಲನ್ನು, ಅಂದರೆ ಇಂಜಿನ್ನಿಗೆ ಗಾಳಿ ಬಿಡುವ ಬಾಗಿಲನ್ನು, ತೆರೆಯುತ್ತದೆ. ಒಂದು ದಿನ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಗುಂಡಿ ಒತ್ತಿದರೆ ಏನೂ ಆಗಲಿಲ್ಲ.

ಫ್ಯೂಸ್ ಸರಿಯಿತ್ತು. ಸ್ಪೀಡೋಮೀಟರ್ ಮುಳ್ಳು ನಡುಗದೆ ನಿಲ್ಲುತ್ತಿತ್ತು, ಆದ್ದರಿಂದ ವೇಗದ ಸಂಕೇತದ ಮೇಲೆ ಅನುಮಾನ ಬರಲಿಲ್ಲ. ಎರಡು ಭಾನುವಾರ ಬಾನೆಟ್ಟಿನಡಿ ಬಗ್ಗಿ ನಿಂತೆ. ಕೊನೆಗೆ ನೆನಪಾಯಿತು: ಕೆಟ್ಟುಹೋಗುವ ಕೆಲವೇ ದಿನಗಳ ಹಿಂದೆ ಹಿಂಬದಿಯ ಬ್ರೇಕ್ ಬಲ್ಬುಗಳನ್ನು ತೆಗೆದು ಎಲ್‌ಇಡಿ ಹಾಕಿದ್ದೆ. ಅನೇಕ ಹಳೆಯ ಕಾರುಗಳಲ್ಲಿ ಕ್ರೂಸನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಯು ಬ್ರೇಕ್ ದೀಪದ ತಂತಿಯ ಮೂಲಕ ಅರ್ತ್ ಸಿಗುತ್ತಿದೆಯೇ ಎಂದು ಸದಾ ನೋಡುತ್ತಿರುತ್ತದೆ. 21 ವ್ಯಾಟಿನ ಬಲ್ಬಿನ ತಂತಿ ತಣ್ಣಗಿರುವಾಗ ಅದರ ರೋಧ ಒಂದು ಓಮ್‌ಗೂ ಕಡಿಮೆ, ಎಲ್‌ಇಡಿಯಲ್ಲಿ ಹಾಗಿಲ್ಲ. ದೀಪವೇ ಇಲ್ಲವೆಂದು ಬಗೆದ ಪೆಟ್ಟಿಗೆ ಕೆಲಸಕ್ಕೆ ಒಪ್ಪುವುದಿಲ್ಲ. ಹಳೆಯ ಬಲ್ಬುಗಳನ್ನು ಮರಳಿ ಹಾಕಿದೆ, ಕ್ರೂಸ್ ಹಿಡಿಯಿತು. ನಾನೇ ಮಾಡಿಕೊಂಡ ದೋಷ, ಬೈಯಲು ಬೇರೆ ಯಾರೂ ಇರಲಿಲ್ಲ.

ಹಿಡಿಯಿತೇನೋ ಸರಿ, ನಿಲ್ಲಲಿಲ್ಲ. 80ಕ್ಕೆ ಒತ್ತಿದರೆ ನಿಧಾನವಾಗಿ 70ಕ್ಕೆ ಜಾರುತ್ತಿತ್ತು. ಎಲ್ಲೋ ಗಾಳಿ ಸೋರುತ್ತಿದೆ ಎಂದು ಖಚಿತವಾಯಿತು. ಪಂಕ್ಚರ್ ಹುಡುಕುವವರಂತೆ ಸಾಬೂನಿನ ನೊರೆ ಹಚ್ಚಿ ಕೂರಬೇಡಿ. ಇಲ್ಲಿ ಗಾಳಿ ಹೊರಗೆ ಬರುವುದಿಲ್ಲ, ಒಳಗೆ ನುಗ್ಗುತ್ತದೆ. ನಾನು ಹಚ್ಚಿದ್ದೆ, ಅದಕ್ಕೇ ಹೇಳುತ್ತಿದ್ದೇನೆ. ಬೇಕಾದದ್ದು ಗೇಜ್ ಇರುವ ಕೈ ವ್ಯಾಕ್ಯೂಮ್ ಪಂಪ್. ಒಂದೊಂದೇ ಪೈಪನ್ನು ಬಿಡಿಸಿ, ಒಂದು ತುದಿ ಮುಚ್ಚಿ, ಇನ್ನೊಂದರಿಂದ ಎಳೆದು ಮುಳ್ಳು ನಿಲ್ಲುತ್ತದೆಯೇ ಎಂದು ನೋಡಿದೆ. ಪೈಪುಗಳಲ್ಲಿ ನಿಂತಿತು, ಪೊರೆಯ ಡಬ್ಬಿಯಲ್ಲೂ ನಿಂತಿತು. ಬ್ರೇಕ್ ಪೆಡಲಿನ ಮೇಲಿರುವ ಕವಾಟಕ್ಕೆ ಹಚ್ಚಿದಾಗ ಮಾತ್ರ ಸರ್ರನೆ ಸೊನ್ನೆಗೆ ಬಿತ್ತು.

ಬ್ರೇಕ್ ಒತ್ತಿದೊಡನೆ ಗಾಳಿಯನ್ನು ಒಳಬಿಟ್ಟು ಥ್ರಾಟಲನ್ನು ಸಡಿಲಿಸುವುದು ಈ ಕವಾಟದ ಕೆಲಸ. ಕಾಲು ತೆಗೆದಾಗ ಪೆಡಲಿನ ತೋಳು ಅದರ ಮೂತಿಯನ್ನು ಒತ್ತಿ ಮುಚ್ಚಿಡಬೇಕು. ತೋಳಿಗೆ ಅಂಟಿಸಿದ್ದ ಪುಟ್ಟ ರಬ್ಬರ್ ಬಿಲ್ಲೆ ವಯಸ್ಸಾಗಿ ಪುಡಿಯಾಗಿತ್ತು. ಕವಾಟ ಅರೆತೆರೆದೇ ಇತ್ತು. ಹೊಸ ಬಿಲ್ಲೆ ಕೂರಿಸಿ, ಕವಾಟವನ್ನು ಪೆಡಲಿನತ್ತ ಸ್ವಲ್ಪ ಸರಿಸಿದೆ. ಹೆಚ್ಚು ಸರಿಸಿದರೆ ಪೆಡಲ್ ಪೂರ್ತಿ ಮೇಲೆ ಬಾರದೆ ಬ್ರೇಕ್ ಉಜ್ಜುತ್ತದೆ. ಕವಾಟಕ್ಕೆ ಹೋಗುವ ಪೈಪಿನ ಬಾಯಿಗೆ ಬಿರಡೆ ಹಾಕಿಬಿಟ್ಟರೂ ಕ್ರೂಸ್ ಚೆನ್ನಾಗಿಯೇ ನಡೆಯುತ್ತದೆ, ಹಾಗೆ ಮಾಡಿದವರನ್ನು ನೋಡಿದ್ದೇನೆ. ಅದು ಮೂರ್ಖತನ: ಬ್ರೇಕ್ ಒತ್ತಿದಾಗ ಕ್ರೂಸನ್ನು ವಿದ್ಯುತ್ತಿನ ಮೂಲಕ ಬಿಡಿಸುವ ಬ್ರೇಕ್ ಸ್ವಿಚ್ ಕೈಕೊಟ್ಟ ದಿನ ಥ್ರಾಟಲನ್ನು ಬಿಡಿಸುವುದು ಆ ಕವಾಟವೊಂದೇ.

ಉಳಿದದ್ದು ಕೇಬಲ್. ಇಂಜಿನ್ ನಿಲ್ಲಿಸಿ, ಥ್ರಾಟಲ್ ಪೂರ್ತಿ ಮುಚ್ಚಿರುವಾಗ ಬೆರಳಿನಿಂದ ಎಳೆದರೆ ಒಂದೆರಡು ಮಿಲಿಮೀಟರ್ ಆಡಬೇಕು. ಬಿಗಿಯಾದರೆ ನಿಂತಲ್ಲೇ ಇಂಜಿನ್ ವೇಗ ಏರುತ್ತದೆ. ಸಡಿಲವಾದರೆ ಕ್ರೂಸ್ ಹಿಡಿಯುವಷ್ಟರಲ್ಲಿ ವೇಗ ಕುಸಿದಿರುತ್ತದೆ. ನನ್ನದು ಬಹಳ ಸಡಿಲವಿತ್ತು, ನಟ್ಟನ್ನು ಮೂರು ಸುತ್ತು ತಿರುಗಿಸಬೇಕಾಯಿತು.

ಖಾಲಿ ರಸ್ತೆಯಲ್ಲಿ ಓಡಿಸಿ, ಬ್ರೇಕನ್ನು ಮೆಲ್ಲಗೆ ಮುಟ್ಟಿ ಕ್ರೂಸ್ ಬಿಡುತ್ತದೆಯೇ ಎಂದು ಹತ್ತು ಸಲ ನೋಡಿದೆ. ಪ್ರತಿ ಸಲವೂ ಬಿಟ್ಟಿತು. ಕಡಿದಾದ ಏರಿನಲ್ಲಿ ಈಗಲೂ ವೇಗ ಮೂರು ನಾಲ್ಕು ಕಿಲೋಮೀಟರ್ ಇಳಿಯುತ್ತದೆ. ಥ್ರಾಟಲ್ ಹೆಚ್ಚು ತೆರೆದಾಗ ಇಂಜಿನ್ನಿನ ವ್ಯಾಕ್ಯೂಮೇ ಕುಗ್ಗುವುದರಿಂದ ಅದು ಸಹಜ. ಅಲ್ಲಿ ನಾನೇ ಕಾಲು ಒತ್ತುತ್ತೇನೆ.