ಹೈಲ್ಯಾಂಡ್ಸ್‌ಗೆ ಐದು ದಿನದ ರೈಲು ಸುತ್ತು: ನಾನು ಹೊಂದಿಸುವ ಕ್ರಮ

ಹತ್ತು-ಹನ್ನೆರಡು ಜನರನ್ನು ಕಟ್ಟಿಕೊಂಡು ಸ್ಕಾಟ್ಲೆಂಡಿನ ಬೆಟ್ಟಸೀಮೆಗೆ ಹೊರಡುವಾಗ ಮೊದಲು ರೈಲಿನ ವೇಳಾಪಟ್ಟಿ ತೆರೆಯುತ್ತೇನೆ. ಹೋಟೆಲ್ ಆಮೇಲೆ. ಗ್ಲಾಸ್ಗೊದಿಂದ ಮ್ಯಾಲೆಗ್ ಕಡೆಗೆ ದಿನಕ್ಕೆ ಮೂರು-ನಾಲ್ಕೇ ರೈಲು, ಕೈಲ್ ಆಫ್ ಲಾಕಾಲ್ಷ್ (ಮುಂದೆ ಬರೀ ಕೈಲ್) ಎಂಬ ಕರಾವಳಿ ಊರಿನಿಂದ ಇನ್ವರ್ನೆಸ್‌ಗೂ ಹಾಗೆಯೇ. ಭಾನುವಾರ ಇನ್ನೂ ಕಮ್ಮಿ. ಒಂದು ತಪ್ಪಿತೆಂದರೆ ಅರ್ಧ ದಿನ ಹೋಯಿತು. ಅದಕ್ಕೇ ಸೋಮವಾರ ಹೊರಟು ಶುಕ್ರವಾರಕ್ಕೆ ಮುಗಿಯುವಂತೆ ಇಡುತ್ತೇನೆ: ಗ್ಲಾಸ್ಗೊ, ಫೋರ್ಟ್ ವಿಲಿಯಂ, ಮ್ಯಾಲೆಗ್, ಅಲ್ಲಿಂದ ದೋಣಿಯಲ್ಲಿ ಸ್ಕೈ ದ್ವೀಪ, ಕೈಲ್ ಆಫ್ ಲಾಕಾಲ್ಷ್, ಇನ್ವರ್ನೆಸ್, ಕೊನೆಗೆ ಎಡಿನ್‌ಬರಾ. ಹೋದ ದಾರಿಯಲ್ಲೇ ವಾಪಸು ಬರುವ ಪ್ರಮೇಯವಿಲ್ಲ.

ತಿಂಗಳು ಮೇ. ಮರಗಳಿಗೆ ಎಲೆ ಪೂರ್ತಿ ತುಂಬಿರುವುದಿಲ್ಲ, ಕಿಟಕಿಯಿಂದ ಸರೋವರ ಕಾಣುತ್ತದೆ, ರಾತ್ರಿ ಒಂಬತ್ತರವರೆಗೂ ಬೆಳಕು. ಜೂನ್ ಮೇಲೆ ಪಶ್ಚಿಮ ಕರಾವಳಿಯಲ್ಲಿ ಮಿಜ್ ಎಂಬ ಸಣ್ಣ ನೊರಜು ಮುತ್ತಿಕೊಳ್ಳುತ್ತದೆ. ಗಾಳಿ ಬೀಸುವಾಗ ಅದರ ಕಾಟವಿಲ್ಲ. ಗಾಳಿ ನಿಂತ ಮೋಡದ ಸಂಜೆ ಮಾತ್ರ ಪ್ಲಾಟ್‌ಫಾರಂ ಮೇಲೆ ನಿಲ್ಲಲು ಬಿಡುವುದಿಲ್ಲ.

ಗ್ಲಾಸ್ಗೊದಲ್ಲಿ ಎರಡು ದೊಡ್ಡ ನಿಲ್ದಾಣಗಳಿವೆ. ಲಂಡನ್ ಕಡೆಯಿಂದ ಬರುವವರು ಸೆಂಟ್ರಲ್‌ನಲ್ಲಿ ಇಳಿಯುತ್ತಾರೆ, ನಮ್ಮ ರೈಲು ಹೊರಡುವುದು ಕ್ವೀನ್ ಸ್ಟ್ರೀಟ್‌ನಿಂದ. ನಡುವೆ ಹತ್ತು ನಿಮಿಷದ ನಡಿಗೆ. ಪೆಟ್ಟಿಗೆ ಎಳೆದುಕೊಂಡು ಹೋಗುವ ಗುಂಪಿಗೆ ನಾನು ಒಂದು ಗಂಟೆ ಬಿಡುತ್ತೇನೆ. ಇನ್ನೊಂದು ಎಚ್ಚರ: ರೈಲು ಕ್ರಿಯನ್ಲಾರಿಕ್‌ನಲ್ಲಿ ಎರಡಾಗಿ ಒಡೆಯುತ್ತದೆ, ಒಂದು ಭಾಗ ಓಬನ್‌ಗೆ, ಇನ್ನೊಂದು ಫೋರ್ಟ್ ವಿಲಿಯಂಗೆ. ಯಾವ ಬೋಗಿ ಎಲ್ಲಿಗೆ ಎಂದು ಗಾರ್ಡ್‌ನನ್ನು ಕೇಳಿಯೇ ಹತ್ತಿಸುತ್ತೇನೆ. ಸೀಟನ್ನು ಮೊದಲೇ ಕಾಯ್ದಿರಿಸುವುದು ಒಳ್ಳೆಯದು. ಬೋಗಿ ಚಿಕ್ಕದು, ಸಾಮಾನಿಗೆ ಜಾಗ ಕಡಿಮೆ, ತಲೆಗೊಂದು ಕ್ಯಾಬಿನ್ ಪೆಟ್ಟಿಗೆಗಿಂತ ಹೆಚ್ಚು ಬೇಡ.

ಯಾವ ಬದಿ ಕೂರಬೇಕು ಎನ್ನುವುದೇ ಈ ಪ್ರವಾಸದ ಅರ್ಧ ಕೆಲಸ. ಗ್ಲಾಸ್ಗೊ ಬಿಟ್ಟ ಮೇಲೆ ಕ್ಲೈಡ್ ನದಿ, ಗೇರ್ ಲಾಕ್, ಲಾಕ್ ಲಾಂಗ್ ಎಲ್ಲ ಎಡಕ್ಕೆ (ಲಾಕ್ ಎಂದರೆ ಇಲ್ಲಿ ಸರೋವರ, ಇಲ್ಲವೇ ನೆಲದೊಳಕ್ಕೆ ಚಾಚಿದ ಕಡಲು). ಆರೊಖರ್ ದಾಟಿದ ಮೇಲೆ ಲಾಕ್ ಲೋಮಂಡ್ ಬಲಕ್ಕೆ. ಟಿಂಡ್ರಮ್ ಆಚೆಯ ಕುದುರೆಲಾಳದ ತಿರುವಿನಲ್ಲಿ ಮತ್ತೆ ಎಡವೇ ಚೆನ್ನ. ರಾನಖ್ ಮೂರ್ ಎಂಬ ಜೌಗು ಬಯಲು ಎರಡೂ ಬದಿಗೆ ಹಬ್ಬಿದೆ. ಅಲ್ಲಿ ಜೌಗು ಎಷ್ಟು ಆಳವೆಂದರೆ, ಹಳಿ ಹಾಕುವಾಗ ಸೌದೆ-ಪೊದೆ, ಮಣ್ಣು, ಬೂದಿಯ ಹಾಸಿಗೆ ಹರವಿ ಅದರ ಮೇಲೆ ದಾರಿಯನ್ನು ತೇಲಿಸಿದ್ದಾರೆ. ಈ ಮಾರ್ಗ 1894ರಲ್ಲಿ ಫೋರ್ಟ್ ವಿಲಿಯಂ ಮುಟ್ಟಿತು, 1901ರಲ್ಲಿ ಮ್ಯಾಲೆಗ್.

ಎಡವಟ್ಟಾಗುವುದು ಫೋರ್ಟ್ ವಿಲಿಯಂನಲ್ಲಿ. ಅಲ್ಲಿ ಹಳಿ ಮುಗಿಯುತ್ತದೆ, ಮ್ಯಾಲೆಗ್‌ಗೆ ಮುಂದುವರಿಯುವ ರೈಲು ಬಂದ ದಿಕ್ಕಿಗೇ ತಿರುಗಿ ಹೊರಡುತ್ತದೆ. ಗ್ಲಾಸ್ಗೊದಿಂದ ಎಡಗಡೆ ಕೂತವರು ಈಗ ಬಲಗಡೆ ಇರುತ್ತಾರೆ. ಗ್ಲೆನ್‌ಫಿನ್ನನ್ ಸೇತುವೆಯ ಬಳುಕು, ಕೆಳಗಿನ ಲಾಕ್ ಶೀಲ್ ಕಾಣುವುದು ಎಡಕ್ಕೆ. 21 ಕಮಾನು, ಸುಮಾರು 30 ಮೀಟರ್ ಎತ್ತರ, ಕಬ್ಬಿಣದ ಸರಳಿಲ್ಲದ ಬರೀ ಕಾಂಕ್ರೀಟು. ಫೋರ್ಟ್ ವಿಲಿಯಂನಲ್ಲಿ ಎರಡು ರಾತ್ರಿ ತಂಗಿ, ಆ ತುಂಡಿಗೆ ಬೇರೆಯಾಗಿಯೇ ಎಡಬದಿಯ ಸೀಟು ಹಿಡಿಯುತ್ತೇನೆ. ಹೊರಟು ಅರ್ಧ ಗಂಟೆಗೆ ಕ್ಯಾಮೆರಾ ಕೈಯಲ್ಲಿರಬೇಕು. ಸಕಲೇಶಪುರ ಘಾಟಿಯಂತೆ ಬಾಗಿಲಲ್ಲಿ ಕೂರುವ ಆಸೆ ಬಿಡಿ, ಇಲ್ಲಿ ಓಡುವ ರೈಲಿನ ಬಾಗಿಲು ತೆರೆಯುವುದಿಲ್ಲ.

ಇದೇ ಹಳಿಯ ಮೇಲೆ ಜಾಕೊಬೈಟ್ ಉಗಿ ರೈಲೂ ಓಡುತ್ತದೆ. ಅದನ್ನೇ ಕೇಳಿಕೊಂಡು ಬರುವವರು ಬಹಳ. ಆದರೆ ಅದು ಮುಖ್ಯವಾಗಿ ಹೋಗಿ ಬರುವವರಿಗಾಗಿ ಇರುವ ಏರ್ಪಾಡು, ದರವೂ ದುಬಾರಿ. ಮ್ಯಾಲೆಗ್‌ನಿಂದ ದೋಣಿ ಹತ್ತುವವರಿಗೆ ಮಾಮೂಲಿ ರೈಲೇ ಸಾಕೆಂಬುದು ನನ್ನ ಅಭಿಪ್ರಾಯ. ಕಾಣುವ ಬೆಟ್ಟ ಅದೇ.

ಫೋರ್ಟ್ ವಿಲಿಯಂನಲ್ಲಿ ತಂಗುವ ನಡುವಿನ ದಿನ, ಬಂದ ಹಳಿಯಲ್ಲೇ ಸ್ವಲ್ಪ ಹಿಂದಕ್ಕೆ, ಕೊರೌರ್‌ಗೆ ಹೋಗಿ ಬರುವುದು. 408 ಮೀಟರ್ ಎತ್ತರದಲ್ಲಿರುವ ಈ ನಿಲ್ದಾಣಕ್ಕೆ ಸಾರ್ವಜನಿಕ ರಸ್ತೆಯೇ ಇಲ್ಲ. ಲಾಕ್ ಆಸಿಯನ್‌ವರೆಗೆ ನಡೆದು ಬರಬಹುದು, ಆದರೆ ವಾಪಸು ರೈಲಿನ ಸಮಯ ಎಲ್ಲರ ಫೋನಿನಲ್ಲೂ ಇರಲಿ.

ಇಡೀ ಸುತ್ತಿನ ಸಡಿಲ ಕೊಂಡಿ ಮ್ಯಾಲೆಗ್‌ನಿಂದ ಸ್ಕೈ ದ್ವೀಪದ ಆರ್ಮಡೇಲ್‌ಗೆ ಹೋಗುವ ದೋಣಿ. ಮುಕ್ಕಾಲು ಗಂಟೆಯೊಳಗಿನ ಪ್ರಯಾಣವಾದರೂ ಗಾಳಿ ಜೋರಾದರೆ ರದ್ದು. ಅದಕ್ಕೇ ಅದೇ ದಿನ ಕೈಲ್‌ನಿಂದ ರೈಲು ಹಿಡಿಯುವ ಲೆಕ್ಕ ಹಾಕುವುದಿಲ್ಲ, ರಾತ್ರಿ ದ್ವೀಪದಲ್ಲೇ, ಬ್ರಾಡ್‌ಫರ್ಡ್ ಊರಿನಲ್ಲಿ ತಂಗುತ್ತೇವೆ. ಆರ್ಮಡೇಲ್‌ನಿಂದ ಕೈಲ್‌ಗೆ ಸುಮಾರು 40 ಕಿ.ಮೀ. ಬಸ್ಸು ವಿರಳ, ಗುಂಪಿಗೆ ಮಿನಿಬಸ್ ಮೊದಲೇ ಗೊತ್ತು ಮಾಡಿಕೊಂಡರೆ ಅಗ್ಗವೂ ಹೌದು. ದೋಣಿ ನಿಂತೇ ಹೋದರೆ ಮ್ಯಾಲೆಗ್‌ನಿಂದ ಫೋರ್ಟ್ ವಿಲಿಯಂಗೆ ರೈಲಿನಲ್ಲಿ ಮರಳಿ, ಲಾಕ್ ನೆಸ್ ಪಕ್ಕದ ರಸ್ತೆಯಲ್ಲಿ ಇನ್ವರ್ನೆಸ್‌ಗೆ ಬಸ್ಸು, ಎರಡು ಗಂಟೆ. ಈ ಬದಲಿ ದಾರಿಯ ಬಸ್ ವೇಳೆಯನ್ನು ಹೊರಡುವ ಮುಂಚೆಯೇ ಬರೆದಿಟ್ಟುಕೊಂಡಿರುತ್ತೇನೆ.

ಕೈಲ್‌ನಿಂದ ಇನ್ವರ್ನೆಸ್‌ಗೆ ಎರಡೂವರೆ ಗಂಟೆ ದಾಟುತ್ತದೆ. ಮೊದಲ ಗಂಟೆ ಎಡಕ್ಕೆ ಕೂರಿ, ಲಾಕ್ ಕ್ಯಾರನ್ ಹಳಿಗೆ ತಾಗಿಕೊಂಡೇ ಇರುತ್ತದೆ. ಕೆಲವು ಸಣ್ಣ ನಿಲ್ದಾಣಗಳು ಕೋರಿಕೆಯ ಮೇರೆಗೆ ಮಾತ್ರ. ಇಳಿಯುವುದಿದ್ದರೆ ಹತ್ತಿದ ಕೂಡಲೇ ಗಾರ್ಡ್‌ಗೆ ಹೇಳಬೇಕು, ಹತ್ತುವುದಿದ್ದರೆ ಚಾಲಕನಿಗೆ ಕಾಣುವಂತೆ ಕೈ ಬೀಸಬೇಕು.

ಊಟದ ಮಾತು: ರೈಲಿನಲ್ಲಿ ತಿಂಡಿಯ ಗಾಡಿ ಬಂದರೂ ಬಂತು, ಇಲ್ಲದಿದ್ದರೂ ಇಲ್ಲ. ಅವಲಕ್ಕಿ, ಚಟ್ನಿಪುಡಿ, ಫ್ಲಾಸ್ಕಿನಲ್ಲಿ ಬಿಸಿನೀರು ಇದ್ದರೆ ಚಿಂತೆಯಿಲ್ಲ. ಪೇಡಾ, ತುಪ್ಪ ಮಾತ್ರ ಊರಿಂದ ತರಬೇಡಿ. ಭಾರತದಿಂದ ಹಾಲಿನ ಪದಾರ್ಥ ಬ್ರಿಟನ್ ಒಳಗೆ ತರುವಂತಿಲ್ಲ.

ಕೊನೆಯ ದಿನ ಇನ್ವರ್ನೆಸ್‌ನಿಂದ ಎಡಿನ್‌ಬರಾಕ್ಕೆ ಮೂರೂವರೆ ಗಂಟೆ. ಡ್ರಮಾಕ್ಟರ್ ಕಣಿವೆಯಲ್ಲಿ ಹಳಿ 452 ಮೀಟರ್ ಎತ್ತರಕ್ಕೆ ಏರುತ್ತದೆ, ಅವೀಮೋರ್ ಬಳಿ ಕೇರ್ನ್‌ಗಾರ್ಮ್ ಬೆಟ್ಟಗಳು ಎಡಕ್ಕೆ. ಲಂಡನ್‌ಗೆ ಹೋಗುವ ರೈಲು ಸ್ಟರ್ಲಿಂಗ್ ಮೇಲೆ ಹೋಗುವುದರಿಂದ ಎಡಿನ್‌ಬರಾ ಬಳಿಯ ಫೋರ್ತ್ ರೈಲು ಸೇತುವೆ ದಾಟುವುದಿಲ್ಲ. ಅದನ್ನು ದಾಟಬೇಕಿದ್ದರೆ ಕರ್ಕಾಡಿ ಮೇಲೆ ಹೋಗುವ ರೈಲನ್ನೇ ಆರಿಸಬೇಕು. 1890ರ ಆ ಉಕ್ಕಿನ ಸೇತುವೆಯ ಆಕಾರ ಒಳಗೆ ಕೂತವರಿಗೆ ತಿಳಿಯದು, ಬರೀ ಕೆಂಪು ತೊಲೆಗಳು ಸರಿಯುತ್ತವೆ. ಎಡಿನ್‌ಬರಾದಲ್ಲಿ ಸಾಮಾನು ಇಟ್ಟು, ಲೋಕಲ್ ರೈಲಿನಲ್ಲಿ ಸೇತುವೆ ಪಕ್ಕದ ಡಾಲ್ಮೆನಿ ನಿಲ್ದಾಣಕ್ಕೆ ಬಂದು ದಡಕ್ಕೆ ಇಳಿದರೆ ಪೂರ್ತಿ ಕಾಣುತ್ತದೆ. ಇಳಿಜಾರಿನಲ್ಲಿ ಮೆಟ್ಟಿಲಿದೆ, ಮಂಡಿನೋವಿನವರಿಗೆ ಟ್ಯಾಕ್ಸಿ ಹೇಳಿಬಿಡಿ.